ಇಂಗ್ಲಿಷಿನ ‘ಟರ್ಮಿನೇಟ್’ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪದು?

ಪದಗಂಟು (ಪ್ರಶ್ನೆ)

ಇಂಗ್ಲಿಷಿನಲ್ಲಿ ಪತ್ರ, ಕರಾರು, ವರದಿ ಬರೆಯುವಾಗ ‘ಎಂಡ್’, ‘ಸ್ಟಾಪ್’ ಅಂತ ಹಾಕಿದರೆ ಆಡುಮಾತಿನ ಹಾಗೆ ಕಾಣುತ್ತದೆ ಎಂದು ಎಲ್ಲ ಕಡೆ ‘ಟರ್ಮಿನೇಟ್’ ಬರೆಯುವ ಅಭ್ಯಾಸ ಬೆಳೆದುಬಿಟ್ಟಿದೆ. ನಿಘಂಟು ‘ಕೊನೆಗೊಳಿಸು, ಮುಕ್ತಾಯ ಮಾಡು’ ಎನ್ನುತ್ತದೆ, ಅಷ್ಟೇ. ಆದರೆ ಬರೆದದ್ದನ್ನು ಓದಿದವರು ‘ಏನೋ ಸರಿಯಿಲ್ಲ’ ಎನ್ನುತ್ತಾರೆ, ಏನು ಅಂತ ಹೇಳುವುದಿಲ್ಲ. ಕೆಳಗಿನ ಐದು ವಾಕ್ಯ ನೋಡಿ:

1. ‘ಐ ಹ್ಯಾವ್ ಟರ್ಮಿನೇಟೆಡ್ ಮೈ ಡಿಗ್ರಿ ಇನ್ 2019.’
2. ‘ದ ಕಂಪನಿ ಟರ್ಮಿನೇಟೆಡ್ ಸೆಲ್ಲಿಂಗ್ ದಿಸ್ ಮಾಡೆಲ್.’
3. ‘ದ ಮೀಟಿಂಗ್ ವಾಸ್ ಟರ್ಮಿನೇಟೆಡ್ ವಿತ್ ಅ ವೋಟ್ ಆಫ್ ಥ್ಯಾಂಕ್ಸ್.’
4. ‘ಹೀ ಟರ್ಮಿನೇಟೆಡ್ ಫ್ರಮ್ ದ ಜಾಬ್.’
5. ‘ದಿ ಅಗ್ರಿಮೆಂಟ್ ವಿಲ್ ಬಿ ಟರ್ಮಿನೇಟೆಡ್ ಆನ್ 31 ಮಾರ್ಚ್.’

ಯಾವುದು ಸರಿ, ಯಾವುದು ತಪ್ಪು, ತಪ್ಪಾದರೆ ಯಾಕೆ? ‘ಸೀಸ್’, ‘ಕನ್‌ಕ್ಲೂಡ್’, ‘ಎಕ್ಸ್‌ಪೈರ್’, ‘ರಿಸಿಂಡ್’ ಇವುಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಬರೆಯುವಾಗ ನೆನಪಿಗೆ ಬರುವ ಹಾಗೆ ಹೇಳಿದರೆ ಉಪಕಾರ.

---

ಎಲ್ಲೆಕಲ್ಲು (ಉತ್ತರ)

ಪದದ ಬೇರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಲ್ಲಿ ಬೇರು ನಿಜವಾಗಿ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್ನಿನ ‘ಟರ್ಮಿನಸ್’ ಎಂದರೆ ಎಲ್ಲೆ, ಎಲ್ಲೆಗೆ ನೆಟ್ಟ ಕಲ್ಲು. ರೋಮನ್ನರಿಗೆ ಆ ಹೆಸರಿನ ಒಬ್ಬ ದೇವರೇ ಇದ್ದ. ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಸೇರಿ ಎಲ್ಲೆಕಲ್ಲಿಗೆ ಪೂಜೆ ಮಾಡುತ್ತಿದ್ದರು. ಬಸ್ಸು ರೈಲಿನ ಟರ್ಮಿನಸ್, ಟರ್ಮಿನಲ್, ಅವಧಿ ಎಂಬ ಅರ್ಥದ ‘ಟರ್ಮ್’, ಇವೆಲ್ಲ ಆ ಕಲ್ಲಿನ ಸಂತಾನ. ‘ಎಕ್ಸ್‌ಟರ್ಮಿನೇಟ್’ ಕೂಡ ಮೂಲದಲ್ಲಿ ‘ಎಲ್ಲೆಯಾಚೆ ಅಟ್ಟು’ ಎಂಬುದೇ. ನಿರ್ನಾಮ ಮಾಡು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು.

ಹಾಗಾಗಿ ‘ಟರ್ಮಿನೇಟ್’ ಎಂದರೆ ನಡೆಯುತ್ತಿರುವುದಕ್ಕೆ ‘ಇಲ್ಲಿಗೆ ಸಾಕು’ ಎಂದು ಕಲ್ಲು ನೆಡುವುದು. ಕೆಲಸ ಪೂರ್ತಿಯಾಯಿತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ನೆಟ್ಟದ್ದು ಒಬ್ಬ ವ್ಯಕ್ತಿ ಎಂದಾದರೆ, ಸಹಜವಾಗಿ ಮುಗಿಯುವುದಕ್ಕಿಂತ ಮುಂಚೆಯೇ ಕಡಿದರು ಎಂಬ ಧ್ವನಿ ಬಂದೇ ಬರುತ್ತದೆ. ನಿಮ್ಮ ಮೊದಲ ವಾಕ್ಯ ಕೆಡುವುದು ಇದರಿಂದಲೇ. ಓದಿದವರಿಗೆ ‘ಪದವಿಯನ್ನು ಅರ್ಧಕ್ಕೆ ಬಿಟ್ಟರು’ ಎಂದು ಅನ್ನಿಸುತ್ತದೆ. ಬೇಕಾದ್ದು ‘ಕಂಪ್ಲೀಟ್’. ಅದೇ ವಾಕ್ಯದಲ್ಲಿ ಇನ್ನೊಂದು ತೊಡಕೂ ಇದೆ: 2019 ಎಂದು ಕಳೆದುಹೋದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಬರಬಾರದು. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019’ ಸಾಕು.

ಎರಡನೆಯದು ವ್ಯಾಕರಣದ ತಪ್ಪು. ‘ಟರ್ಮಿನೇಟ್’ ಆದಮೇಲೆ ‘-ಇಂಗ್’ ರೂಪದ ಕ್ರಿಯಾಪದವಾಗಲಿ ‘ಟು’ ಸೇರಿದ ಕ್ರಿಯಾಪದವಾಗಲಿ ಬರುವುದಿಲ್ಲ. ಅದರ ಮುಂದೆ ನಾಮಪದವೇ ಬೇಕು: ಅಗ್ರಿಮೆಂಟ್, ಸರ್ವೀಸ್, ಕಾಲ್, ಪ್ರೋಸೆಸ್, ಲೀಸ್. ಮಾರುವುದನ್ನು ನಿಲ್ಲಿಸಿದರು ಎನ್ನಲು ‘ಸ್ಟಾಪ್ಡ್ ಸೆಲ್ಲಿಂಗ್’. ಗಂಭೀರ ಧಾಟಿ ಬೇಕಿದ್ದರೆ ‘ಸೀಸ್ಡ್ ಸೆಲ್ಲಿಂಗ್’ ಅಥವಾ ‘ಸೀಸ್ಡ್ ಟು ಸೆಲ್’. ಒಂದು ಮಾದರಿಯ ವಸ್ತುವಿನ ತಯಾರಿಕೆ ಅಥವಾ ಮಾರಾಟ ನಿಂತಿತು ಎನ್ನುವುದಕ್ಕೆ ವ್ಯಾಪಾರದವರು ಬಳಸುವ ಪದವೇ ಬೇರೆ, ‘ಡಿಸ್‌ಕಂಟಿನ್ಯೂ’: ‘ದ ಕಂಪನಿ ಹ್ಯಾಸ್ ಡಿಸ್‌ಕಂಟಿನ್ಯೂಡ್ ದಿಸ್ ಮಾಡೆಲ್’. ರೋಗಿಗೆ ಕೊಡುತ್ತಿದ್ದ ಔಷಧ ನಿಲ್ಲಿಸಿದರೂ ‘ಡಿಸ್‌ಕಂಟಿನ್ಯೂ’ ಅಂತಲೇ.

ಮೂರನೆಯದನ್ನು ಓದಿದರೆ ಸಭೆಯಲ್ಲಿ ಗಲಾಟೆಯಾಗಿ ನಡುವೆ ನಿಲ್ಲಿಸಿದ ಹಾಗಿದೆ, ಜೊತೆಗೆ ವಂದನಾರ್ಪಣೆಯೂ ಇದೆ! ಕ್ರಮವಾಗಿ ಮುಗಿದ ಸಭೆಗೆ ‘ಕನ್‌ಕ್ಲೂಡೆಡ್’: ‘ದ ಮೀಟಿಂಗ್ ಕನ್‌ಕ್ಲೂಡೆಡ್ ವಿತ್ ಅ ವೋಟ್ ಆಫ್ ಥ್ಯಾಂಕ್ಸ್’. ‘ವಾಸ್’ ಬೇಕಿಲ್ಲ. ಇನ್ನೊಂದು ದಿನ ಮುಂದುವರಿಸುವುದಾಗಿ ಎದ್ದರೆ ‘ಅಡ್ಜರ್ನ್’.

ನಾಲ್ಕನೆಯದರಲ್ಲಿ ಕರ್ತೃ ಕರ್ಮ ಅದಲುಬದಲಾಗಿವೆ. ಇದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕನ್ನಡದಲ್ಲಿ ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ಕ್ರಿಯಾಪದವೇ ಬದಲಾಗುತ್ತದೆ: ಮುಗಿ–ಮುಗಿಸು, ನಿಲ್ಲು–ನಿಲ್ಲಿಸು, ಕೊನೆಗೊಳ್ಳು–ಕೊನೆಗೊಳಿಸು. ಇಂಗ್ಲಿಷಿನ ‘ಟರ್ಮಿನೇಟ್’ ಎರಡಕ್ಕೂ ಒಂದೇ ರೂಪ. ಹಾಗಾಗಿ ವಾಕ್ಯ ಬರೆಯುವ ಮೊದಲು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ. ‘ಕೊನೆಗೊಳ್ಳು’ ಎಂದು ಬಂದರೆ ಕೊನೆಗೊಳ್ಳುವ ವಸ್ತುವೇ ಕರ್ತೃ, ಕರ್ಮ ಬೇಡ: ‘ದಿಸ್ ಟ್ರೇನ್ ಟರ್ಮಿನೇಟ್ಸ್ ಹಿಯರ್’. ‘ಕೊನೆಗೊಳಿಸು’ ಎಂದು ಬಂದರೆ ಕೊನೆಗೊಳಿಸುವವರು ಕರ್ತೃ, ಕೊನೆಗೊಂಡದ್ದು ಕರ್ಮ: ‘ದಿ ಓನರ್ ಟರ್ಮಿನೇಟೆಡ್ ದ ಲೀಸ್’. ಕೆಲಸ ಕಳೆದುಕೊಂಡ ಮನುಷ್ಯ ಇವೆರಡರಲ್ಲಿ ಯಾವುದೂ ಅಲ್ಲ. ಕೊನೆಗೊಂಡದ್ದು ಅವನ ನೌಕರಿ, ಅವನಲ್ಲ: ‘ಹಿಸ್ ಎಂಪ್ಲಾಯ್‌ಮೆಂಟ್ ವಾಸ್ ಟರ್ಮಿನೇಟೆಡ್’.

ವಿಭಕ್ತಿಯ ಜಾಗದಲ್ಲಿ ಬರುವ ಪುಟ್ಟ ಪದಗಳನ್ನೂ ಗಮನಿಸಿ. ಸ್ಥಳಕ್ಕೆ ‘ಅಟ್’, ದಿನಾಂಕಕ್ಕೆ ‘ಆನ್’, ತುದಿಯ ಆಕಾರಕ್ಕೆ ಅಥವಾ ಫಲಿತಾಂಶಕ್ಕೆ ‘ಇನ್’. ‘ದ ವರ್ಡ್ ಟರ್ಮಿನೇಟ್ಸ್ ಇನ್ ಅ ವವೆಲ್’ ಎಂದರೆ ಪದವು ಸ್ವರದಲ್ಲಿ ಕೊನೆಗೊಳ್ಳುತ್ತದೆ ಎಂದರ್ಥ. ‘ಟರ್ಮಿನೇಟ್ ಅಪ್’, ‘ಟರ್ಮಿನೇಟ್ ಆಫ್’ ಎಂಬುವು ಇಲ್ಲ. ‘ಎಂಡ್ ಅಪ್’ ನೋಡಿ ಅದೇ ಅಚ್ಚಿನಲ್ಲಿ ಎರಕ ಹೊಯ್ಯುವವರಿದ್ದಾರೆ.

ಐದನೆಯದು ಸೂಕ್ಷ್ಮವಾದದ್ದು, ಕರಾರು ಬರೆಯುವವರಿಗೆ ಬಿಡುತ್ತೇನೆ.

---

ಷರಾಬರಹ

ಐದನೆಯದನ್ನು ನಾನು ತೆಗೆದುಕೊಳ್ಳುತ್ತೇನೆ. ‘ವಿಲ್ ಬಿ ಟರ್ಮಿನೇಟೆಡ್’ ಎಂಬ ಕರ್ಮಣಿ ರೂಪ ಕರಾರಿನಲ್ಲಿ ಅಪಾಯಕಾರಿ. ಯಾರೋ ಅಂದು ಏನೋ ಮಾಡಲಿದ್ದಾರೆ ಎಂದು ಅದರ ಅರ್ಥ. ಯಾರು? ನೋಟಿಸು ಕೊಡಬೇಕೋ ಬೇಡವೋ? ಅವರು ಏನೂ ಮಾಡದಿದ್ದರೆ ಕರಾರು ಮುಂದುವರಿಯುತ್ತದೆಯೋ? ಒಂದು ವಾಕ್ಯದಿಂದ ಮೂರು ಜಗಳ.

ತಾನಾಗಿ ಮುಗಿಯಬೇಕೆಂದಿದ್ದರೆ ‘ದಿಸ್ ಅಗ್ರಿಮೆಂಟ್ ಎಕ್ಸ್‌ಪೈರ್ಸ್ ಆನ್ 31 ಮಾರ್ಚ್’ ಎಂದು ಬರೆಯಿರಿ. ‘ಎಕ್ಸ್‌ಪೈರ್’ ಎಂದರೆ ಮೊದಲೇ ಗೊತ್ತುಮಾಡಿದ ಅವಧಿ ತೀರುವುದು, ಯಾರ ಕೈಯೂ ಬೇಕಿಲ್ಲ. ‘ಟರ್ಮಿನೇಟ್ಸ್ ಆನ್ 31 ಮಾರ್ಚ್’ ಎಂದರೂ ಇಂಗ್ಲಿಷ್ ತಪ್ಪಲ್ಲ. ಆದರೆ ಅದೇ ಕರಾರಿನಲ್ಲಿ ಮುಂದೆ ‘ಆನ್ ಟರ್ಮಿನೇಷನ್’ ಠೇವಣಿ ಮರಳಿಸಬೇಕು, ದಾಖಲೆ ಹಿಂದಿರುಗಿಸಬೇಕು ಎಂಬ ಷರತ್ತುಗಳಿರುತ್ತವೆ. ಅವಧಿ ತೀರಿದ್ದನ್ನೂ ‘ಟರ್ಮಿನೇಷನ್’ ಎನ್ನಬೇಕೋ, ಯಾರಾದರೂ ಕಡಿದಾಗ ಮಾತ್ರವೋ ಎಂಬ ವಾದ ಏಳುತ್ತದೆ. ಅದಕ್ಕೇ ಅನುಭವಸ್ಥರು ‘ಆನ್ ಎಕ್ಸ್‌ಪೈರಿ ಆರ್ ಟರ್ಮಿನೇಷನ್’ ಎಂದು ಎರಡನ್ನೂ ಹೆಸರಿಸುತ್ತಾರೆ. ಎರಡೇ ಎರಡು ಪದ ಹೆಚ್ಚು, ವಾದಕ್ಕೆ ಎಡೆಯೇ ಇಲ್ಲ.

ಯಾರಾದರೂ ಕೊನೆಗೊಳಿಸುವ ಹಕ್ಕು ಬೇಕಿದ್ದರೆ ‘ಮೇ’ ಬಳಸಿ: ‘ಈದರ್ ಪಾರ್ಟಿ ಮೇ ಟರ್ಮಿನೇಟ್ ದಿಸ್ ಅಗ್ರಿಮೆಂಟ್ ಬೈ ಗಿವಿಂಗ್ ದಿ ಅದರ್ ನಾಟ್ ಲೆಸ್ ದ್ಯಾನ್ 30 ಡೇಸ್ ರಿಟನ್ ನೋಟಿಸ್’. ಇಲ್ಲಿ ‘ಮೇ’ ಇರುವ ಜಾಗದಲ್ಲಿ ‘ಶಲ್’ ಹಾಕಿದರೆ ಹಕ್ಕು ಹೋಗಿ ಕಡ್ಡಾಯವಾಗುತ್ತದೆ. ‘ಶಲ್ ಟರ್ಮಿನೇಟ್ ಆಟೊಮ್ಯಾಟಿಕಲಿ’ ಎಂಬುದು ಮೂರನೆಯ ಬಗೆ, ಹೇಳಿದ ಘಟನೆ ನಡೆದೊಡನೆ ಯಾರೂ ನೋಟಿಸು ಕೊಡದೆಯೇ ಕರಾರು ಬೀಳುತ್ತದೆ. ಇದನ್ನು ವಿವೇಚನೆಯಿಲ್ಲದೆ ಬಳಸಬೇಡಿ. ಒಂದು ಕಂತು ಒಂದು ದಿನ ತಡವಾದರೂ ಇಬ್ಬರಿಗೂ ಬೇಕಾದ ಕರಾರು ಸತ್ತುಹೋಗುವ ಹಾಗೆ ಬರೆದಿಟ್ಟಿರುತ್ತಾರೆ.

ನೋಟಿಸಿನ ದಿನ ಎಣಿಸುವುದರಲ್ಲಿ ಆಗುವ ಎಡವಟ್ಟು ಬಹಳ. ಜೂನ್ 1ರಂದು 30 ದಿನದ ನೋಟಿಸು ತಲುಪಿತು ಎನ್ನೋಣ. ತಲುಪಿದ ದಿನವನ್ನೂ ಸೇರಿಸಿ ಎಣಿಸಿದರೆ 30ನೇ ದಿನ ಜೂನ್ 30. ಅದನ್ನು ಬಿಟ್ಟು ಎಣಿಸಿದರೆ ಜುಲೈ 1. ‘ಕ್ಲಿಯರ್ ಡೇಸ್’ ಎಂದಿದ್ದರೆ ಎರಡೂ ತುದಿಯ ದಿನಗಳನ್ನು ಬಿಡಬೇಕು, ಆಗ ಜುಲೈ 2ಕ್ಕಿಂತ ಮುಂಚೆ ಕೊನೆಗೊಳಿಸಲು ಬರುವುದಿಲ್ಲ. ‘30 ದಿನ’ ಎಂದು ಬರೆದು ಸುಮ್ಮನಾಗಬೇಡಿ. ಎಲ್ಲಿಂದ ಎಣಿಕೆ (ಕಳಿಸಿದ ದಿನವೋ, ಕೈಸೇರಿದ ದಿನವೋ), ಕೊನೆಯ ದಿನ ಸೇರಿದೆಯೋ ಇಲ್ಲವೋ, ಎರಡನ್ನೂ ಹೇಳಿ. ‘ವಿತ್ ಎಫೆಕ್ಟ್ ಫ್ರಮ್ 30 ಜೂನ್’ ಎಂದರೂ ಆ ದಿನ ಬೆಳಗ್ಗೆಯೋ ರಾತ್ರಿಯೋ ಎಂಬ ಅನುಮಾನ ಉಳಿಯುತ್ತದೆ. ‘ಅಟ್ ದಿ ಎಂಡ್ ಆಫ್ 30 ಜೂನ್’ ಎಂದರೆ ಉಳಿಯದು.

ಅಲ್ಪವಿರಾಮದ ಕಥೆಯನ್ನೂ ಹೇಳಲೇಬೇಕು. ಕೆನಡಾದಲ್ಲಿ ರಾಜರ್ಸ್ ಎಂಬ ಕೇಬಲ್ ಕಂಪನಿಗೂ ಅಲಿಯಾಂಟ್ ಎಂಬ ದೂರವಾಣಿ ಕಂಪನಿಗೂ ತಂತಿ ಕಂಬಗಳ ಬಳಕೆಗೆ ಒಂದು ಕರಾರಿತ್ತು. ಮೊದಲು 5 ವರ್ಷ ಜಾರಿಯಲ್ಲಿರುತ್ತದೆ, ಆಮೇಲೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ, 1 ವರ್ಷದ ಲಿಖಿತ ನೋಟಿಸು ಕೊಟ್ಟು ‘ಟರ್ಮಿನೇಟ್’ ಮಾಡಿದ ಹೊರತು, ಎಂಬ ಷರತ್ತು. ಆ ‘ಹೊರತು’ (ಇಂಗ್ಲಿಷಿನಲ್ಲಿ ‘ಅನ್‌ಲೆಸ್’) ಎನ್ನುವುದಕ್ಕೆ ಮುಂಚೆ ಒಂದು ಅಲ್ಪವಿರಾಮ. ಆ ವಿರಾಮ ಇರುವುದರಿಂದ ನೋಟಿಸಿನ ಹಕ್ಕು ಮೊದಲ 5 ವರ್ಷಕ್ಕೂ ಅನ್ವಯಿಸುತ್ತದೆ ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ 2006ರಲ್ಲಿ ಹೇಳಿತು. 2007ರಲ್ಲಿ ಅದೇ ಷರತ್ತಿನ ಫ್ರೆಂಚ್ ಪಾಠವನ್ನು ನೋಡಿ, ಮೊದಲ 5 ವರ್ಷದೊಳಗೆ ಕೊನೆಗೊಳಿಸಲು ಬರುವುದಿಲ್ಲ ಎಂದು ತಿದ್ದಿತು. ಒಂದೇ ವಾಕ್ಯದಲ್ಲಿ ಅವಧಿ, ಮುಂದುವರಿಕೆ, ಮುಕ್ತಾಯ ಮೂರನ್ನೂ ತುರುಕಿದ್ದೇ ಮೂಲ ದೋಷ. ಮೂರು ವಾಕ್ಯ ಬರೆದಿದ್ದರೆ ಅಲ್ಪವಿರಾಮಕ್ಕೆ ಆ ಭಾರ ಬೀಳುತ್ತಿರಲಿಲ್ಲ.

ಈಗ ‘ರಿಸಿಂಡ್’. ಎಲ್ಲೆಕಲ್ಲು ಅವರು ಹೇಳಿದ ಚಿತ್ರ ಇಲ್ಲಿಗೂ ಹೊಂದುತ್ತದೆ. ‘ಟರ್ಮಿನೇಟ್’ ಮಾಡಿದರೆ ಕಲ್ಲಿನ ಆಚೆಗೆ ಮಾತ್ರ ಕರಾರಿಲ್ಲ. ಈಚೆಗೆ ನಡೆದದ್ದೆಲ್ಲ ಊರ್ಜಿತ. ಬಾಕಿ ಹಣ ಬಾಕಿಯೇ, ಕೊಟ್ಟ ಸರಕು ಕೊಟ್ಟದ್ದೇ. ‘ರಿಸಿಂಡ್’ ಮಾಡಿದರೆ ಕರಾರು ಆಗಲೇ ಇಲ್ಲವೇನೋ ಎಂಬಂತೆ ಇಬ್ಬರನ್ನೂ ಮೊದಲಿನ ಜಾಗಕ್ಕೆ ಮರಳಿಸಬೇಕಾಗುತ್ತದೆ, ಕೊಟ್ಟದ್ದು ಹಿಂದಕ್ಕೆ, ಪಡೆದದ್ದು ಹಿಂದಕ್ಕೆ. ಸುಳ್ಳು ಹೇಳಿ ಒಪ್ಪಿಸಿದ್ದರು ಎಂಬಂಥ ಸಂದರ್ಭದಲ್ಲಿ ಬರುವ ಪರಿಹಾರ ಅದು. ಎರಡನ್ನೂ ‘ರದ್ದು’ ಎಂದು ಅನುವಾದಿಸಿದರೆ ಓದುಗರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ‘ಟರ್ಮಿನೇಟ್’ಗೆ ‘ಮುಕ್ತಾಯ’ವನ್ನೇ ಇಟ್ಟುಕೊಂಡು, ‘ರದ್ದು’ ಎಂಬುದನ್ನು ‘ಕ್ಯಾನ್ಸಲ್’, ‘ರಿಸಿಂಡ್’ಗಳಿಗೆ ಉಳಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಟ್ಟ ಪರವಾನಗಿ, ಅಧಿಕಾರಪತ್ರ ಹಿಂದಕ್ಕೆ ಪಡೆಯುವುದು ‘ರಿವೋಕ್’. ಕಾಯ್ದೆಯನ್ನು ಶಾಸನಸಭೆಯೇ ತೆಗೆದುಹಾಕುವುದು ‘ರಿಪೀಲ್’. ಪಾಲುದಾರಿಕೆ, ಶಾಸನಸಭೆ ವಿಸರ್ಜನೆಗೆ ‘ಡಿಸಾಲ್ವ್’. ಒಂದು ಪದ್ಧತಿಯನ್ನೇ ತೊಡೆದುಹಾಕುವುದು ‘ಅಬಾಲಿಷ್’. ಇವುಗಳ ಜಾಗದಲ್ಲಿ ‘ಟರ್ಮಿನೇಟ್’ ಹಾಕಿದರೆ ಅರ್ಥವಾಗುತ್ತದೆ, ಆದರೆ ಆ ಕ್ಷೇತ್ರದ ಪರಿಚಯವಿಲ್ಲದವರು ಬರೆದದ್ದು ಎಂದು ತಕ್ಷಣ ತಿಳಿಯುತ್ತದೆ.

‘ಕನ್‌ಕ್ಲೂಡ್’ ಮಾತ್ರ ಕಣ್ಣಿಟ್ಟು ನೋಡಬೇಕಾದ ಪದ. ‘ದ ಪಾರ್ಟೀಸ್ ಕನ್‌ಕ್ಲೂಡೆಡ್ ಆ್ಯನ್ ಅಗ್ರಿಮೆಂಟ್’ ಎಂದರೆ ಒಪ್ಪಂದ ಮುಗಿಯಿತು ಎಂದಲ್ಲ, ಒಪ್ಪಂದ ಆಯಿತು ಎಂದು! ಮಾತುಕತೆ ಮುಗಿದು ಒಪ್ಪಂದ ಕುದುರಿತು ಎಂಬ ಅರ್ಥ. ಒಪ್ಪಂದಗಳ ಕಾನೂನು ಕುರಿತ 1969ರ ವಿಯೆನ್ನಾ ಒಡಂಬಡಿಕೆ ತೆರೆದು ನೋಡಿ: ಎರಡನೇ ಭಾಗ ‘ಕನ್‌ಕ್ಲೂಷನ್’ ಕುರಿತದ್ದು, ಅಂದರೆ ರಾಷ್ಟ್ರಗಳು ಒಪ್ಪಂದ ಮಾಡಿಕೊಳ್ಳುವ ಬಗೆ. ‘ಟರ್ಮಿನೇಷನ್’ ಬರುವುದು ಐದನೇ ಭಾಗದಲ್ಲಿ. ಹುಟ್ಟಿಗೂ ಕೊನೆಗೂ ಇರುವಷ್ಟು ದೂರ ಈ ಎರಡು ಪದಗಳ ನಡುವೆ ಇದೆ, ನಿಘಂಟಿನಲ್ಲಿ ಎರಡಕ್ಕೂ ‘ಮುಕ್ತಾಯ’ ಎಂದಿರುತ್ತದೆ. ನಾನು ಮೇಲೆ ಹೇಳಿದ ‘ಹಿಂದಿನದು ಊರ್ಜಿತ’ ಎಂಬ ನಿಯಮವೂ ಅದೇ ಒಡಂಬಡಿಕೆಯ 70ನೇ ವಿಧಿಯಲ್ಲಿದೆ: ಮುಕ್ತಾಯಕ್ಕೆ ಮುಂಚೆ ಒಪ್ಪಂದದ ಮೂಲಕ ಹುಟ್ಟಿದ ಹಕ್ಕು ಬಾಧ್ಯತೆಗಳಿಗೆ, ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಧಕ್ಕೆಯಿಲ್ಲ.

---

ಸೊನ್ನೆಬೈಟ್

ತಾಂತ್ರಿಕ ಬರವಣಿಗೆಯ ಕಡೆಯಿಂದ ಒಂದಿಷ್ಟು. ಇಲ್ಲಿ ‘ಟರ್ಮಿನೇಟ್’ಗೆ ಮೇಲಿನ ಕಾನೂನಿನ ಕಾವು ಇಲ್ಲ, ಆದರೆ ಅನುವಾದದಲ್ಲಿ ದೊಡ್ಡ ತಪ್ಪುಗಳು ಆಗುತ್ತವೆ.

ವಿದ್ಯುತ್ ಮತ್ತು ನೆಟ್‌ವರ್ಕ್ ಕೆಲಸದಲ್ಲಿ ‘ಟರ್ಮಿನೇಟ್ ದ ಕೇಬಲ್’ ಎಂದರೆ ಕೇಬಲ್ ಕತ್ತರಿಸಿ ಎಂದಾಗಲಿ, ಸಂಪರ್ಕ ತಪ್ಪಿಸಿ ಎಂದಾಗಲಿ ಅಲ್ಲ. ಅದರ ತುದಿಗೆ ಸರಿಯಾದ ಕನೆಕ್ಟರ್, ಲಗ್ ಅಥವಾ ರೆಸಿಸ್ಟರ್ ಕೂರಿಸಿ ಎಂದು. ಕಡಿಯುವುದರ ತದ್ವಿರುದ್ಧ! ಕೈಪಿಡಿಯಲ್ಲಿ ‘ಕೇಬಲ್ ಕೊನೆಗೊಳಿಸಿ’ ಎಂದು ಬರೆದರೆ ಕೆಲಸದವರಿಗೆ ಏನೂ ತಿಳಿಯುವುದಿಲ್ಲ. ‘ತುದಿ ಕಟ್ಟಿ’ ಎಂದೋ ‘ತುದಿಗೆ ಕನೆಕ್ಟರ್ ಹಾಕಿ’ ಎಂದೋ ಬರೆಯಬೇಕು. ವಾಹನದೊಳಗಿನ ಎಲೆಕ್ಟ್ರಾನಿಕ್ ಭಾಗಗಳ ನಡುವೆ ಸಂಕೇತ ಒಯ್ಯುವ ‘ಹೈಸ್ಪೀಡ್ ಕ್ಯಾನ್ ಬಸ್’ ಎಂಬ ಜಾಲದ ತಂತಿಯ ಎರಡೂ ತುದಿಗೆ 120 ಓಮ್‌ನ ಒಂದೊಂದು ‘ಟರ್ಮಿನೇಟಿಂಗ್ ರೆಸಿಸ್ಟರ್’ ಇರುತ್ತದೆ. ತುದಿ ಬರಿದಾಗಿದ್ದರೆ ಸಂಕೇತ ಗೋಡೆಗೆ ಬಡಿದ ಚೆಂಡಿನ ಹಾಗೆ ಹಿಂದಿರುಗಿ ಬಂದು ಮುಂದಿನ ಸಂಕೇತವನ್ನು ಕೆಡಿಸುತ್ತದೆ. ಸರಬರಾಜು ತೆಗೆದು ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ತೋರಬೇಕು. 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಇಲ್ಲ ಎಂದರ್ಥ.

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ‘ಟರ್ಮಿನೇಟ್ಸ್’ ಎಂದರೆ ಅದರ ಓಟ ಮುಗಿಯಿತು ಎಂದಷ್ಟೇ. ಸರಿಯಾಗಿ ಮುಗಿದರೂ ಕೆಟ್ಟು ನಿಂತರೂ ಅದೇ ಪದ. ಅದಕ್ಕೇ ‘ನಾರ್ಮಲ್ ಟರ್ಮಿನೇಷನ್’, ‘ಅಬ್‌ನಾರ್ಮಲ್ ಟರ್ಮಿನೇಷನ್’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಲಿನಕ್ಸ್‌ನಲ್ಲಿ ‘ಟರ್ಮಿನೇಟ್’ಗೂ ‘ಕಿಲ್’ಗೂ ಇರುವ ವ್ಯತ್ಯಾಸ ಈ ಪದದ ಸ್ವಭಾವಕ್ಕೆ ಒಳ್ಳೆಯ ಕನ್ನಡಿ: 15ನೇ ಸಂಖ್ಯೆಯ ಸಿಗ್‌ಟರ್ಮ್ ಸಂಕೇತ ಬಂದಾಗ ಪ್ರೋಗ್ರಾಂ ಕಡತಗಳನ್ನು ಉಳಿಸಿ, ಕೆಲಸ ಕಟ್ಟಿಟ್ಟು ಹೊರಡಬಹುದು, 9ನೇ ಸಂಖ್ಯೆಯ ಸಿಗ್‌ಕಿಲ್ ಬಂದರೆ ಅದಕ್ಕೆ ಉಸಿರೆತ್ತಲೂ ಅವಕಾಶವಿಲ್ಲ. ನೋಟಿಸು ಕೊಟ್ಟು ಮುಗಿಸುವುದಕ್ಕೂ ಹಾಗೇ ಮುಗಿಸುವುದಕ್ಕೂ ಇರುವಷ್ಟೇ ಅಂತರ.

‘ನಲ್ ಟರ್ಮಿನೇಟೆಡ್ ಸ್ಟ್ರಿಂಗ್’, ಅಂದರೆ ಸೊನ್ನೆ ಹಾಕಿ ಕೊನೆಗೊಳಿಸಿದ ಅಕ್ಷರಗಳ ಸಾಲು, ಇದರಲ್ಲಿ ಮತ್ತೆ ಎಲ್ಲೆಕಲ್ಲೇ. ಪ್ರೋಗ್ರಾಂ ಬರೆಯುವ ‘ಸಿ’ ಭಾಷೆಯಲ್ಲಿ ಇಂಗ್ಲಿಷಿನ ಐದು ಅಕ್ಷರದ ‘ಹೆಲೋ’ ಪದಕ್ಕೆ ಆರು ಬೈಟ್ ಬೇಕು, ಆರನೆಯದು ‘ಇಲ್ಲಿಗೆ ಮುಗಿಯಿತು’ ಎನ್ನುವ ಸೊನ್ನೆ. ಆ ಸೊನ್ನೆ ಮರೆತರೆ ಪ್ರೋಗ್ರಾಂ ಪಕ್ಕದ ಸ್ಮೃತಿಯನ್ನೂ ಓದುತ್ತಾ ಹೋಗುತ್ತದೆ.

ಗಣಿತದ ‘ಟರ್ಮಿನೇಟಿಂಗ್ ಡೆಸಿಮಲ್’ಗೆ ನಮ್ಮಲ್ಲಿ ‘ಅಂತ್ಯಗೊಳ್ಳುವ ದಶಮಾಂಶ’ ಎಂಬ ಒಳ್ಳೆಯ ಪದ ಇದೆ. 1/8 ಎಂದರೆ 0.125, ನಿಲ್ಲುತ್ತದೆ. 1/3 ನಿಲ್ಲುವುದಿಲ್ಲ. ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮಾತ್ರ ದಶಮಾಂಶ ಅಂತ್ಯಗೊಳ್ಳುತ್ತದೆ. ಗಮನಿಸಿ, ಇಲ್ಲಿ ಕ್ರಿಯೆ ‘ಕೊನೆಗೊಳ್ಳು’, ‘ಕೊನೆಗೊಳಿಸು’ ಅಲ್ಲ. ಅದಕ್ಕೇ ‘ಟರ್ಮಿನೇಟೆಡ್ ಡೆಸಿಮಲ್’ ತಪ್ಪು, ‘ಟರ್ಮಿನೇಟಿಂಗ್’ ಸರಿ. ನಲ್ ಸ್ಟ್ರಿಂಗಿಗೆ ನಾವೇ ಸೊನ್ನೆ ಹಾಕಿ ಕೊನೆ ಮಾಡಿದ್ದರಿಂದ ಅಲ್ಲಿ ‘ಟರ್ಮಿನೇಟೆಡ್’.

---

ಪದಗಂಟು

ಎಲ್ಲರಿಗೂ ಧನ್ಯವಾದ. ‘ಕೊನೆಗೊಳ್ಳು–ಕೊನೆಗೊಳಿಸು’ ಪರೀಕ್ಷೆ ಹಿಡಿದು ನೋಡಿದರೆ ಅರ್ಧಕ್ಕರ್ಧ ತಪ್ಪು ಕೂಡಲೇ ಕಾಣುತ್ತಿದೆ. ಎರಡು ಅನುಮಾನ ಉಳಿದಿವೆ. ನೌಕರಿಯ ಪತ್ರದಲ್ಲಿ ‘ಯೂ ಆರ್ ಟರ್ಮಿನೇಟೆಡ್’ ಎಂದು ಬರೆಯುವುದನ್ನು ನೋಡಿದ್ದೇನೆ, ಅದು ಸರಿಯೇ? ಕನ್ನಡಕ್ಕೆ ತರುವಾಗ ‘ವಜಾ’ ಎನ್ನಬಹುದೇ? ಇನ್ನೊಂದು, ‘ಸೀಸ್’ ಬಳಸಿದಾಗ ಕೆಲವರು ಅದನ್ನು ‘ಜಪ್ತಿ’ ಎಂದು ತಿಳಿದರು. ಯಾಕೆ?

---

ಒಕ್ಕಣೆ

ಮೊದಲು ‘ಸೀಸ್’. ಇಂಗ್ಲಿಷಿನಲ್ಲಿ ಎರಡು ಪದಗಳಿವೆ, ಕನ್ನಡದ ಕಿವಿಗೆ ಒಂದೇ ಥರ. ನಿಲ್ಲು ಎಂಬ ಅರ್ಥದ್ದು ಕೊನೆಯಲ್ಲಿ ಉಸಿರಷ್ಟೇ ಇರುವ ‘ಸ್’. ಹಿಡಿದುಕೊಳ್ಳು, ಜಪ್ತಿ ಮಾಡು ಎಂಬ ಅರ್ಥದ್ದು ಕೊನೆಯಲ್ಲಿ ಗಂಟಲು ಅದುರುವ ‘ಝ್’. ಗಂಟಲ ಮೇಲೆ ಬೆರಳಿಟ್ಟು ಎರಡನ್ನೂ ಹೇಳಿ ನೋಡಿ, ಎರಡನೆಯದರಲ್ಲಿ ಕೊನೆಯವರೆಗೂ ಅದುರು ಇರುತ್ತದೆ. ಮೊದಲನೆಯದರಲ್ಲಿ ‘ಈ’ಕಾರ ಕೂಡ ತುಸು ಗಿಡ್ಡ. ಎಂಜಿನ್ ಬಿಗಿದು ನಿಂತುಹೋದಾಗ ಹೇಳುವುದು ಎರಡನೆಯ ಪದ. ಎಂಜಿನ್ ‘ನಿಂತದ್ದರಿಂದ’ ಮೊದಲನೆಯದೇ ಎಂದು ತಿಳಿದು ಕಾಗುಣಿತ ತಪ್ಪುವವರು ಹಲವರು. ‘ಸೀಸ್‌ಫೈರ್’ನಲ್ಲಿ, ‘ಸೀಸ್ ಆ್ಯಂಡ್ ಡಿಸಿಸ್ಟ್’ ನೋಟಿಸಿನಲ್ಲಿ ಇರುವುದು ಮೊದಲನೆಯದು. ಆ ನೋಟಿಸಿನ ಎರಡು ಪದಗಳಿಗೂ ಬೇರೆ ಬೇರೆ ಕೆಲಸ ಇದೆ: ಈಗಿನದನ್ನು ನಿಲ್ಲಿಸು, ಮತ್ತೆ ಮಾಡಬೇಡ.

‘ಟರ್ಮಿನೇಟ್’ ಉಚ್ಚಾರದಲ್ಲಿ ಒತ್ತು ಮೊದಲ ‘ಟರ್’ ಮೇಲೆ. ‘ಟರ್ಮಿನೇಷನ್’ ಆದಾಗ ಒತ್ತು ‘ನೇ’ಗೆ ಜಾರುತ್ತದೆ. ನಾವು ಎಲ್ಲ ಅಕ್ಷರಕ್ಕೂ ಸಮ ತೂಕ ಕೊಡುವವರಾದ್ದರಿಂದ ಇದನ್ನು ಬೇಕೆಂದೇ ಅಭ್ಯಾಸ ಮಾಡಬೇಕು.

ಈಗ ನೌಕರಿಯ ಪತ್ರ. ‘ಯೂ ಆರ್ ಟರ್ಮಿನೇಟೆಡ್’ ಅಮೆರಿಕದ ಬಳಕೆಯಲ್ಲಿ ಇದೆ, ವ್ಯಾಕರಣದ ದೋಷವೇನಿಲ್ಲ. ಆದರೂ ಬರೆಯಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಮನುಷ್ಯರನ್ನೇ ಕರ್ಮವಾಗಿಟ್ಟರೆ ಆ ಪದಕ್ಕೆ ‘ಮುಗಿಸಿಬಿಡು’, ಅಂದರೆ ಕೊಲ್ಲು, ಎಂಬ ನೆರಳೂ ಇದೆ. ಕೆಲಸ ಕಳೆದುಕೊಳ್ಳುತ್ತಿರುವವರ ಕೈಗೆ ಅಂಥ ವಾಕ್ಯ ಕೊಡುವುದು ಕ್ರೌರ್ಯ. ‘ಯುವರ್ ಎಂಪ್ಲಾಯ್‌ಮೆಂಟ್ ವಿಲ್ ಎಂಡ್ ಆನ್ 30 ಜೂನ್, ವಿಚ್ ವಿಲ್ ಬಿ ಯುವರ್ ಲಾಸ್ಟ್ ವರ್ಕಿಂಗ್ ಡೇ’ ಎಂದರೆ ಕಾನೂನಿಗೂ ಸಾಕು, ಮನುಷ್ಯತ್ವಕ್ಕೂ ಸಾಕು. ‘ಎಂಡ್’ ಆಡುಮಾತಿನದು ಎಂದು ನೀವು ಹೆದರಬೇಕಿಲ್ಲ, ಎಂಥ ಗಂಭೀರ ಪತ್ರದಲ್ಲೂ ಅದು ಸಲ್ಲುತ್ತದೆ. ದಿನಾಂಕ, ಕೊನೆಯ ಕೆಲಸದ ದಿನ, ಸಂಬಳ ಯಾವ ದಿನದವರೆಗೆ, ಹಿಂದಿರುಗಿಸಬೇಕಾದ ವಸ್ತುಗಳು, ಇವು ಸ್ಪಷ್ಟವಿದ್ದರೆ ಪತ್ರಕ್ಕೆ ತೂಕ ತಾನಾಗಿ ಬರುತ್ತದೆ.

‘ವಜಾ’ ಬಗ್ಗೆ ಎಚ್ಚರ. ವಜಾ ಎಂದರೆ ತಪ್ಪು ಹೊರಿಸಿ ತೆಗೆದುಹಾಕಿದರು ಎಂಬ ಭಾವ ಬರುತ್ತದೆ, ಅದು ‘ಡಿಸ್‌ಮಿಸ್’ಗೆ ಹತ್ತಿರ. ‘ಟರ್ಮಿನೇಟ್’ನಲ್ಲಿ ಕಾರಣದ ಸುಳಿವೇ ಇಲ್ಲ, ತಪ್ಪಿಗಾಗಿ ಇರಬಹುದು, ಹುದ್ದೆಯೇ ಇಲ್ಲವಾದ್ದರಿಂದ ಇರಬಹುದು, ಇಬ್ಬರೂ ಒಪ್ಪಿ ಇರಬಹುದು. ಮೂಲದಲ್ಲಿ ಇಲ್ಲದ ಆರೋಪವನ್ನು ಅನುವಾದಕರು ಹೊರಿಸಬಾರದು. ‘ಸೇವೆಯನ್ನು ಮುಕ್ತಾಯಗೊಳಿಸಲಾಗಿದೆ’ ಎನ್ನಿ. ಹುದ್ದೆ ಬೇಡವಾಗಿ ತೆಗೆದರೆ ಬ್ರಿಟನ್ನಿನ ಬಳಕೆ ‘ಮೇಡ್ ರಿಡಂಡೆಂಟ್’, ಅಮೆರಿಕದ್ದು ‘ಲೇಯ್ಡ್ ಆಫ್’. ತಾನಾಗಿ ಬಿಟ್ಟರೆ ‘ರಿಸೈನ್ಡ್’. ‘ಐ ಟರ್ಮಿನೇಟೆಡ್ ಮೈ ಜಾಬ್’ ಎಂದು ಯಾರೂ ಹೇಳುವುದಿಲ್ಲ.

---

ಎಲ್ಲೆಕಲ್ಲು

ಒಕ್ಕಣೆ ಅವರ ಮಾತಿಗೆ ಒಂದು ತಿದ್ದುಪಡಿ. ‘ಎಂಡ್’ ಎಲ್ಲೆಡೆ ಸಲ್ಲುತ್ತದೆ ಎಂಬುದು ಪತ್ರಕ್ಕೆ ನಿಜ. ಆದರೆ ಆ ನೌಕರಿಯ ಕರಾರಿನಲ್ಲೇ ‘ಟರ್ಮಿನೇಟ್’ ಎಂಬ ಪದಕ್ಕೆ ಷರತ್ತು ಕಟ್ಟಿದ್ದರೆ ಪತ್ರದಲ್ಲೂ ಅದೇ ಪದ ಒಮ್ಮೆಯಾದರೂ ಬರಬೇಕು, ಷರತ್ತಿನ ಸಂಖ್ಯೆಯ ಸಮೇತ. ಪದ ಬದಲಾದರೆ ‘ಇದು ಆ ಷರತ್ತಿನ ಕೆಳಗೆ ಕೊಟ್ಟ ನೋಟಿಸೇ ಅಲ್ಲ’ ಎಂಬ ವಾದಕ್ಕೆ ಬಾಗಿಲು ತೆರೆದಂತೆ. ಸಾಮಾನ್ಯ ಬರವಣಿಗೆಯಲ್ಲಿ ಪದ ಬದಲಿಸುವುದು ಚೆಲುವು, ಕರಾರಿಗೆ ಸಂಬಂಧಿಸಿದ ಬರವಣಿಗೆಯಲ್ಲಿ ಅದು ದೋಷ.

ಹಳೆಯ ಬಾಡಿಗೆ, ಭೋಗ್ಯದ ಪತ್ರ ಓದುವಾಗ ‘ಡಿಟರ್ಮಿನ್’ ಎಂಬುದು ‘ನಿರ್ಧರಿಸು’ ಎಂದಲ್ಲ, ‘ಕೊನೆಗೊಳಿಸು’ ಎಂಬ ಅರ್ಥದಲ್ಲಿ ಬರುತ್ತದೆ. ಅದೇ ಬೇರಿನದು. ‘ಡಿಟರ್ಮಿನೇಷನ್ ಆಫ್ ಲೀಸ್’ ಎಂದರೆ ಗೇಣಿಯ ನಿರ್ಧಾರವಲ್ಲ, ಗೇಣಿಯ ಮುಕ್ತಾಯ. ಓದಿ ಅರ್ಥ ಮಾಡಿಕೊಳ್ಳಿ, ಹೊಸದಾಗಿ ಬರೆಯುವಾಗ ಬಳಸಬೇಡಿ.

---

ಪದಗಂಟು

ಹೀಗೆ ತಿದ್ದಿದ್ದೇನೆ, ನೋಡಿ ಹೇಳಿ: ‘ದಿಸ್ ಅಗ್ರಿಮೆಂಟ್ ಎಕ್ಸ್‌ಪೈರ್ಸ್ ಅಟ್ ದಿ ಎಂಡ್ ಆಫ್ 31 ಮಾರ್ಚ್. ಈದರ್ ಪಾರ್ಟಿ ಮೇ ಟರ್ಮಿನೇಟ್ ಇಟ್ ಅರ್ಲಿಯರ್ ಬೈ 30 ಡೇಸ್ ನೋಟಿಸ್. ಆನ್ ಟರ್ಮಿನೇಷನ್, ದ ಡೆಪಾಸಿಟ್ ಶಲ್ ಬಿ ರಿಟರ್ನ್ಡ್.’

---

ಷರಾಬರಹ

ಮೊದಲ ವಾಕ್ಯಕ್ಕೆ ವರ್ಷ ಸೇರಿಸಿ. ಎರಡನೆಯದರಲ್ಲಿ ‘ನೋಟಿಸ್’ ಮುಂಚೆ ‘ರಿಟನ್’, ಕೊನೆಗೆ ‘ಕೌಂಟೆಡ್ ಫ್ರಮ್ ದ ಡೇ ಆಫ್ಟರ್ ಇಟ್ ಈಸ್ ರಿಸೀವ್ಡ್’. ಮೂರನೆಯದರಲ್ಲಿ ‘ಎಕ್ಸ್‌ಪೈರಿ ಆರ್’ ಬಿಟ್ಟುಹೋಗಿದೆ, ಅದು ಬೇಕೇ ಬೇಕು. ‘ಶಲ್ ಬಿ ರಿಟರ್ನ್ಡ್’ ಮತ್ತೆ ಕರ್ಮಣಿ: ಯಾರು, ಎಷ್ಟು ದಿನದೊಳಗೆ? ‘ದಿ ಓನರ್ ಶಲ್ ರಿಟರ್ನ್ ದ ಡೆಪಾಸಿಟ್ ವಿದಿನ್ 15 ಡೇಸ್’ ಎಂಬಂತೆ ಬರೆಯಿರಿ, 15 ಇರುವಲ್ಲಿ ನೀವಿಬ್ಬರೂ ಒಪ್ಪಿದ ಸಂಖ್ಯೆ ಹಾಕಿ. ಉಳಿದದ್ದು ಸರಿಯಾಗಿದೆ.